ಮನೆಗೆ ಬಾರದವರ ಕಲ್ಲು

ಫೆಬ್ರವರಿ ೧೧

ಪ್ರೀತಿಯ ಅಕ್ಕನಿಗೆ,

ನಿನ್ನ ಪಾದಗಳಿಗೆ, ಡ್ಯೂಟಿಯಲ್ಲಿದ್ದರೆ ಆ ಪಾದಗಳನ್ನು ಹೊತ್ತ ಬಿಳಿ ಬೂಟುಗಳಿಗೆ, ಈ ಮನೆಯ ಕೊನೆಯ ಸಂತಾನದ ಶರಣು ಶರಣು. ನೀನು ಹೊಸ ವರ್ಷದ ಹೊತ್ತಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೀತಿದ್ದೇನೆ, ಕ್ಷಮೆ ಇರಲಿ. ಕೆಲಸದ ಒತ್ತಡ, ಕರೆಂಟಿನ ಕಾಟ, ಪೆನ್ನಿನ ಅನಾರೋಗ್ಯ ಅಂತ ಏನೇನೋ ಹೇಳಬಹುದಿತ್ತು. ನಿಜವಾದ ಕಾರಣ ಸೋಮಾರಿತನ. ಆದರೆ ನಿನ್ನೆ ಸಂಜೆ ನನಗೆ ಬಂದ ಸಿಟ್ಟು ನೋಡಿ ಸೋಮಾರಿತನವೂ ಹೆದರಿ ಓಡಿಹೋಯ್ತು.

ಫೋನ್ ಮಾಡಬಹುದಿತ್ತು. ಆದರೆ ನಾನು "ಅಪ್ಪ" ಅಂದ ತಕ್ಷಣ ನೀನು ಫೋನ್ ಇಟ್ಟುಬಿಡ್ತೀಯ. ಕಾಗದಕ್ಕೆ ಆ ತೊಂದರೆ ಇಲ್ಲ. ಇಟ್ಟರೂ ಅದು ಮೇಜಿನ ಮೇಲೆ ಕೂತು ನಿನ್ನ ಮುಖವನ್ನೇ ನೋಡ್ತಿರುತ್ತೆ.

ಮೊದಲು ಮನೆ ಸುದ್ದಿ. ಅಮ್ಮನ ಮಂಡಿನೋವು ಹಾಗೇ ಇದೆ. ನೀನು ಕಳಿಸಿದ ಮುಲಾಮನ್ನು ಆಕೆ ಪಕ್ಕದ ಮನೆಯವರಿಗೆ ಹಚ್ಚಿ ಅವರ ನೋವು ವಾಸಿ ಮಾಡಿದ್ದಾಳೆ. ಅಪ್ಪನ ಹೊಲಿಗೆ ಮಷಿನ್ನು ದಿನಾ ಬೆಳಿಗ್ಗೆ ಅಪ್ಪನಿಗಿಂತ ಜೋರಾಗಿ ಗೊಣಗುತ್ತೆ. ನಿನ್ನ ತಮ್ಮನ ಧ್ವನಿವರ್ಧಕ ಸಾಮ್ರಾಜ್ಯದಲ್ಲಿ ಸದ್ಯಕ್ಕೆ ಎರಡು ಹಾರ್ನು, ಒಂದು ಆಂಪ್ಲಿಫೈಯರು, ಗಂಟು ಬಿದ್ದ ವೈರು ಒಂದು ಮೂಟೆ, ಮತ್ತೆ ಒಂದು ಮೈಕು. ಮೈಕಿನ ತಲೆ ಮೇಲೆ ಎರಡು ತಟ್ಟಿದರೆ ಮಾತ್ರ ಎಚ್ಚರ ಆಗುತ್ತೆ, ಥೇಟ್ ನಮ್ಮ ಅಂಚೆಯವನ ಹಾಗೆ. ಮದುವೆಗೂ ನಾನೇ, ಸಾವಿಗೂ ನಾನೇ, ಕಳೆದುಹೋದ ಮೇಕೆ ಹುಡುಕೋಕೂ ನಾನೇ.

ಈಗ ಸಿಟ್ಟಿನ ವಿಷಯ.

ಬಸ್ ಸ್ಟಾಪಿನ ಪಕ್ಕ, ಹಿಟ್ಟಿನ ಗಿರಣಿಯ ಎದುರಿಗಿರುವ ಕಲ್ಲನ್ನು ನೀನು ಮರೆತಿರಲ್ಲ. ಚಿಕ್ಕವರಿದ್ದಾಗ ನಾವು ಮೂವರೂ ಅದಕ್ಕೆ ಬೆನ್ನು ಕೊಟ್ಟು ಎತ್ತರ ಅಳೀತಿದ್ವಿ. ಅಣ್ಣನ ತಲೆ ವರ್ಷಕ್ಕೊಂದು ಹೆಸರು ದಾಟುತ್ತಿತ್ತು, ನಾನು ಮಾತ್ರ ಕೊನೆಯ ಹೆಸರಿನ ಕೆಳಗೇ ಬಹಳ ಕಾಲ ಬಿದ್ದಿದ್ದೆ. ಮೇಲೆ ದೊಡ್ಡಕ್ಷರದಲ್ಲಿ "ಮನೆಗೆ ಬಾರದವರು" ಅಂತ ಕೆತ್ತಿದೆ, ಅದರ ಕೆಳಗೆ ಹಳೇ ಯುದ್ಧಕ್ಕೆ ಹೋದವರ ಹೆಸರುಗಳು. ವರ್ಷಕ್ಕೊಂದು ದಿನ ಊರೆಲ್ಲ ಅಲ್ಲಿ ಸೇರುತ್ತೆ. ಒಬ್ಬರು ಹೆಸರು ಕೂಗ್ತಾರೆ, ಆ ಮನೆಯವರು ಯಾರಾದರೂ ಸತ್ತವನ ಪರವಾಗಿ "ಹಾಜರ್" ಅಂತಾರೆ. ಶಾಲೆಯ ಹಾಜರಿ ಇದ್ದ ಹಾಗೆಯೇ. ಚಕ್ಕರ್ ಹೊಡೆಯುವವರು ಮಾತ್ರ ಇಲ್ಲ.

ಈ ವರ್ಷ ಕಲ್ಲಿಗೆ ಎಪ್ಪತ್ತೈದು. ಅದಕ್ಕೊಂದು ಸ್ಮಾರಕ ಸಮಿತಿ, ಸಮಿತಿಗೊಬ್ಬ ಅಧ್ಯಕ್ಷ. ಯಾರು ಅಂತ ಕೇಳಬೇಡ. ನಮ್ಮ ನಿವೃತ್ತ ಹೆಡ್ಮಾಸ್ತರು, ನಾವು "ಗಂಟಲು" ಅಂತ ಕರೀತಿದ್ದ ಅದೇ ಮಹಾನುಭಾವ. ನಾನು ಮೈಕ್ ಕೊಟ್ಟರೂ ಅವರಿಗೆ ಬೇಕಿಲ್ಲ, ಕೊಡದಿದ್ದರೆ ಸಿಟ್ಟು. ಅವರು "ನಮ್ಮೂರ ಸ್ಮಾರಕದ ಐತಿಹಾಸಿಕ ಮಹತ್ವ" ಅಂತ ಒಂದು ಪುಸ್ತಕ ಬರೆದಿದ್ದಾರೆ. ಗಿರಣಿಯವನು ದಿನಕ್ಕೆ ಎಷ್ಟು ಸಲ ಕೆಮ್ಮುತ್ತಾನೋ ಅದರಲ್ಲಿ ಪುಟಕ್ಕೆ ಅಷ್ಟು ಸಲ "ರಕ್ತ" ಬರುತ್ತೆ. ಈಗ ಹಳೇ ಸಾಲಿನ ಮೇಲೆ ಒಂದು ಅಮೃತಶಿಲೆ ಹಲಗೆ ಕೂರಿಸ್ತಾರಂತೆ: "ರಣಭೂಮಿಯಲ್ಲಿ ಎದೆಯೊಡ್ಡಿ ಮಡಿದ ವೀರರು." ಕೆಳಗೆ ಹೊಸ ಹೆಸರಿಗೂ ಜಾಗ. ಎರಡು ವರ್ಷದ ಹಿಂದಿನ ಯುದ್ಧಕ್ಕೆ ನಮ್ಮೂರಿಂದ ಹೋಗಿ ಬಾರದವನು ಅಣ್ಣ ಒಬ್ಬನೇ. ಹಾಗಾಗಿ ಜಾಗ ಅವನದ್ದೇ ಅಂತ ನಾವೆಲ್ಲ ಅಂದುಕೊಂಡಿದ್ವಿ.

ಅಮ್ಮ ಎಷ್ಟರ ಮಟ್ಟಿಗೆ ಅಂದುಕೊಂಡಿದ್ದಳು ಅಂದರೆ, ಒಂದು ತಿಂಗಳಿಂದ ಬಟ್ಟೆ ಮಡಚುವಾಗ, ಪಾತ್ರೆ ಉಜ್ಜುವಾಗ, ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ "ಹಾಜರ್" ಅಂತ ಅಭ್ಯಾಸ ಮಾಡ್ತಿದ್ದಳು. ಒಂದು ಸಲ ಜೋರಾಗಿ, ಒಂದು ಸಲ ಮೆತ್ತಗೆ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಜೀವನದಲ್ಲಿ ಮೊದಲ ಸಲ ಆಕೆಯನ್ನು ಅಣಕಿಸಬೇಕು ಅನ್ನಿಸಲಿಲ್ಲ.

ನಿನ್ನೆ ವಾಚನಾಲಯದಲ್ಲಿ ಸಮಿತಿಯ ಸಭೆ. ನಾನು ಕಾರ್ಯಕ್ರಮದ ಮೈಕ್ ಎಲ್ಲಿ ಕಟ್ಟಬೇಕು ಅಂತ ಕೇಳೋಕೆ ಹೋಗಿ ಬಾಗಿಲಲ್ಲೇ ನಿಂತಿದ್ದೆ. ಸೈನ್ಯದಿಂದ ತರಿಸಿದ ಪ್ರಮಾಣಪತ್ರವನ್ನು ಗಂಟಲು ಎದ್ದು ಓದಿದರು. ಎರಡು ವರ್ಷದ ಹಿಂದೆ ಊಟದ ಹೊತ್ತಲ್ಲಿ ನೀನು ಹೇಳಿದ್ದನ್ನೇ ಅದೂ ಹೇಳಿತು. ಅಣ್ಣ ಯುದ್ಧಭೂಮಿ ತಲುಪಲೇ ಇಲ್ಲ. ತರಬೇತಿ ಶಿಬಿರದ ತೊಟ್ಟಿ ನೀರು ಕುಡಿದು ವಿಷಮಜ್ವರ, ಆಸ್ಪತ್ರೆಯಲ್ಲಿ ಸಾವು. ಅದು ನಿನ್ನ ಆಸ್ಪತ್ರೆ, ನಿನ್ನದೇ ವಾರ್ಡು ಅನ್ನೋದನ್ನ ಆ ಪತ್ರದಲ್ಲಿ ಬರೆದಿರಲಿಲ್ಲ. ಸೋಂಕು ಅಂತ ಹೆಣವನ್ನೂ ಕೊಡದೆ ಅಲ್ಲೇ ಮಣ್ಣು ಮಾಡಿದ್ದನ್ನೂ ಬರೆದಿರಲಿಲ್ಲ. ಆವತ್ತು ನೀನು ಇಷ್ಟು ಹೇಳಿದ್ದಕ್ಕೆ ಅಪ್ಪ, "ನನ್ನ ಮಗ ಹಾಸಿಗೆ ಮೇಲೆ ಸತ್ತವನಲ್ಲ. ಹಾಗನ್ನೋರಿಗೆ ಈ ಮನೇಲಿ ಊಟ ಇಲ್ಲ" ಅಂದ. ನೀನು ಅರ್ಧ ತಟ್ಟೆಗೆ ಎದ್ದು ಕೊನೇ ಬಸ್ಸು ಹಿಡಿದೆ. ಅಪ್ಪ ಊರಿಗೆಲ್ಲ "ಗುಂಡು ಎದೆಗೇ ಬಿತ್ತು" ಅಂತ ಹೇಳಿಕೊಂಡು ಬಂದ.

ಓದಿ ಮುಗಿಸಿ ಗಂಟಲು ಕನ್ನಡಕ ತೆಗೆದು ಅಪ್ಪನ ಕಡೆ ತಿರುಗಿದರು. "ನೋಡಿ ಟೈಲರೇ, ನಮಗೂ ಬೇಜಾರೇ. ಆದರೆ ಇದು ವೀರರ ಕಲ್ಲು. ಇವತ್ತು ಜ್ವರಕ್ಕೆ ಬಿಟ್ಟರೆ ನಾಳೆ ನೆಗಡಿಗೂ ಬಿಡಬೇಕಾಗುತ್ತೆ."

ಯಾರೋ ನಕ್ಕರು ಅಕ್ಕಾ. ನೆಗಡಿ ಅಂದದ್ದಕ್ಕೆ ನಕ್ಕರು. ನಾನು ಹುಟ್ಟಿದಾಗಿನಿಂದ ಈ ಊರನ್ನು ನಗಿಸ್ತಾ ಬಂದವನು. ಅವರ ನಗು ಇಷ್ಟು ಅಗ್ಗ ಅಂತ ನಿನ್ನೆಯೇ ಗೊತ್ತಾದದ್ದು.

"ಹೆಸರು ಬೇಡ ಅನ್ನೋರು ಕೈ ಎತ್ತಿ" ಅಂದರು. ಎಲ್ಲರಿಗಿಂತ ಮೊದಲು ಮೇಲೆ ಹೋದದ್ದು ಅಪ್ಪನ ಕೈ. ಹೊಲೀತಿದ್ದವನು ಹಾಗೇ ಎದ್ದು ಬಂದಿದ್ದ, ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಟೋಪಿ ಇನ್ನೂ ಬೆರಳಲ್ಲೇ ಇತ್ತು. ಅದು ಟ್ಯೂಬ್‌ಲೈಟಿಗೆ ಹೊಳೀತು. ನನಗೆ ಅದೊಂದೇ ಕಾಣ್ತಿತ್ತು. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಗಾದೆ ಮಾಡಿದವನು ನಮ್ಮಪ್ಪನನ್ನು ನೋಡಿಯೇ ಮಾಡಿರಬೇಕು. ಅದೂ ಸಾಲದೆ, ಕಾರ್ಯಕ್ರಮದ ದಿನ ಕಲ್ಲಿಗೆ ಹೊದಿಸುವ ಬಟ್ಟೆ ಹೊಲಿಯೋ ಕೆಲಸವನ್ನೂ ಒಪ್ಪಿಕೊಂಡು ಬಂದಿದ್ದಾನೆ!

ಅಮ್ಮನಿಗೆ ನಲ್ಲಿಯ ಹತ್ತಿರ ಸುದ್ದಿ ಸಿಕ್ಕಿತು. ಬಂದು ಕೊಡ ಇಳಿಸಿದಳು. ಇವತ್ತು ಬಟ್ಟೆ ಮಡಚುವಾಗ ಅಭ್ಯಾಸ ಇಲ್ಲ.

ನನ್ನ ಯೋಜನೆ ಇಷ್ಟು: ಗಂಟಲು ಭಾಷಣಕ್ಕೆ ಬಾಯಿ ತೆಗೆದ ಕೂಡಲೇ ಎರಡೂ ಹಾರ್ನಿನಲ್ಲಿ ಕತ್ತೆ ಅರಚುತ್ತೆ. ಧ್ವನಿಮುದ್ರಣಕ್ಕೆ ಅಗಸರ ಕತ್ತೆಯ ಜೊತೆ ಮಾತುಕತೆ ನಡೀತಿದೆ. ನಿನ್ನ ಅನುಮತಿ ಕೋರಿ,

ವಿಧೇಯ ತಮ್ಮ,
ತರಲೆ


ಮಾರ್ಚ್ ೨

ಅಕ್ಕಾ,

ನಿನ್ನ ಕಾರ್ಡು ತಲುಪಿತು. "ಬಿಟ್ಟುಬಿಡು. ತಮಾಷೆ ಬೇಡ." ಇಷ್ಟೇ. ಇಷ್ಟು ಬರೆಯೋಕೆ ಒಂದು ಕಾರ್ಡು ಹಾಳು ಮಾಡಿದೆಯಲ್ಲ, ಅಂಚೆಯವನೂ ಓದಿ "ಅಕ್ಕ ಸಿಟ್ಟಲ್ಲಿದ್ದಾರಾ?" ಅಂತ ಕೇಳಿದ. ಆಜ್ಞೆ ಶಿರಸಾವಹಿಸಿ ಕತ್ತೆಯನ್ನು ಬಿಟ್ಟಿದ್ದೇನೆ. ಬಿಡುಗಡೆಯಾದ ಸಂತೋಷಕ್ಕೆ ಅದು ನನ್ನನ್ನೇ ಒದೆಯೋಕೆ ಬಂತು.

ಬಿಟ್ಟುಬಿಡು ಅಂತ ನೀನು ಸಲೀಸಾಗಿ ಹೇಳ್ತೀಯ. ಇಲ್ಲಿ ಮುಂದಿನ ಕೋಣೆಯಲ್ಲಿ ದಿನವಿಡೀ ಅದೇ ಬಟ್ಟೆ ಮಷಿನ್ನಿನ ಕೆಳಗೆ ಹರಿದಾಡ್ತಿದೆ. ಬಿಳಿಯದು, ದಪ್ಪನೆಯದು. ಅಣ್ಣ ರಜಕ್ಕೆ ಬಂದಾಗ ಅವನ ಯೂನಿಫಾರಂ ದೊಗಳೆ ಅಂತ ಇದೇ ಮಷಿನ್ನಿನಲ್ಲಿ ಅಪ್ಪ ಸೊಂಟ ಹಿಡಿದು ಕೊಟ್ಟಿದ್ದ, ನೆನಪಿದೆಯಾ? "ಸೈನ್ಯದೋರಿಗೆ ಅಳತೆ ತೆಗೆಯೋಕೂ ಬರಲ್ಲ" ಅಂತ ಬೈದುಕೊಂಡೇ ಹೊಲಿದ. ಈಗ ಕಲ್ಲಿನ ಅಳತೆ ತೆಗೆದುಕೊಂಡು ಬಂದಿದ್ದಾನೆ. ನಾನು ಅವನ ಹತ್ತಿರ ಮಾತು ಬಿಟ್ಟು ಎರಡು ವಾರ ಆಯ್ತು. ಉಪ್ಪು ಬೇಕಾದರೂ ಅಮ್ಮನ ಮೂಲಕವೇ.

ಇರಲಿ. ಕಾರ್ಯಕ್ರಮದ ದಿನ "ಹಾಜರ್" ಅನ್ನೋರ ಹತ್ತಿರ ಮೈಕ್ ಹಿಡಿದು ಓಡಾಡೋದು ನನ್ನ ಕೆಲಸ. ಬಹಳ ಜನ ವಯಸ್ಸಾದೋರು, ಧ್ವನಿ ಕೇಳಿಸಲ್ಲ. ಅದಕ್ಕೆ ಮನೆಮನೆಗೆ ಹೋಗಿ ಧ್ವನಿ ಪರೀಕ್ಷೆ ಮಾಡೋಣ ಅಂತ ಹೊರಟೆ. ಕೋಟು ಬೇರೆ ಹಾಕಿಕೊಂಡಿದ್ದೆ, ತೋಳು ನನಗಿಂತ ಉದ್ದದ್ದು. ಪ್ರತಿ ಮನೆಯಲ್ಲೂ ಗಂಭೀರವಾಗಿ ಕೆಮ್ಮಿ, "ಧ್ವನಿವರ್ಧಕ ಇಲಾಖೆಯಿಂದ ಬಂದಿದ್ದೇನೆ. ಒಂದು ಸಲ ಹಾಜರ್ ಅನ್ನಿ" ಅಂದೆ. ಆಮೇಲೆ ಅದೇ ಮುಖದಲ್ಲಿ ಇನ್ನೊಂದು ಪ್ರಶ್ನೆ: "ನಿಮ್ಮವರು ಹೇಗೆ ತೀರಿಕೊಂಡರು?"

ಮೊದಲು ಹೋದದ್ದು ಕೋಲಜ್ಜಿ ಮನೆಗೆ. ನಾವು ಸೀಬೆಕಾಯಿ ಕದಿಯುವಾಗ ಕೋಲು ಹಿಡಿದು ಅಟ್ಟಿಸಿಕೊಂಡು ಬರ್ತಿದ್ದಳಲ್ಲ, ಆಕೆಯೇ. ಕಲ್ಲಿನ ಮೊದಲ ಹೆಸರು ಅವಳಪ್ಪನದು.

"ಎಂಬತ್ತು ವರ್ಷ ನಿನ್ನಂಥೋರನ್ನ ಬೈದು ಪಳಗಿದ ಗಂಟಲು ಕಣೋ ಇದು" ಅಂದಳು. "ಇದಕ್ಕೆ ಪರೀಕ್ಷೆ ಬೇರೆ ಕೇಡು."

"ನಿಮ್ಮಪ್ಪ ಹೇಗೆ ಹೋದರು ಅಜ್ಜಿ?"

"ಭೇದಿ."

ನಾನು ಬಾಯಿ ಬಿಟ್ಟು ಆಕೆಯನ್ನೇ ನೋಡಿದೆ.

"ಏನು ಬಾಯಿ ಬಿಡ್ತೀಯ? ಹಡಗಿನಲ್ಲಿ ಕುಡಿಯೋ ನೀರಿಗೆ ಹುಳ ಬಿದ್ದಿತ್ತಂತೆ. ಯುದ್ಧದ ಊರು ಕಣ್ಣಿಗೂ ಕಾಣಲಿಲ್ಲ. ಸಮುದ್ರಕ್ಕೆ ಹಾಕಿದರು."

"ಪುಸ್ತಕದಲ್ಲಿ ಕೋಟೆ ಗೋಡೆ ಹತ್ತಿದರು ಅಂತ ಇದೆ ಅಜ್ಜಿ."

"ನಮ್ಮಪ್ಪ ಏಣಿ ಹತ್ತೋಕೂ ಹೆದರ್ತಿದ್ದ. ಸೂರಿನ ಹಂಚು ಸರಿಸೋಕೆ ನಮ್ಮಮ್ಮನೇ ಹತ್ತಬೇಕಿತ್ತು."

ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು. ಆ ಕಲ್ಲು ನಿಲ್ಲಿಸಿದ್ದು ಹೆಂಗಸರಂತೆ. "ಒಬ್ಬರದೂ ಹೆಣ ಬರಲಿಲ್ಲ. ಅಳೋಕೆ ಒಂದು ಜಾಗ ಬೇಕಲ್ಲಪ್ಪ? ಗುಡ್ಡದಿಂದ ಕಲ್ಲು ಎಳ್ಕೊಂಡು ಬಂದರು. ನಾನು ಚಿಕ್ಕೋಳು, ಹಗ್ಗದ ತುದಿ ಹಿಡಿದಿದ್ದೆ. ಸಂಜೆ ಆದರೆ ಅಲ್ಲಿ ನಿಂತು, ಆಡೋಕೆ ಹೋದ ಮಕ್ಕಳನ್ನ ಊಟಕ್ಕೆ ಕರೆಯೋ ಹಾಗೆ ಒಬ್ಬೊಬ್ಬರ ಹೆಸರು ಕೂಗೋರು. ಕೂಗಿದ ಮೇಲೆ ಉತ್ತರ ಬರಬೇಡವಾ? ಒಬ್ಬಳ ಮಗನ ಪರವಾಗಿ ಇನ್ನೊಬ್ಬಳು 'ಬಂದೆ' ಅನ್ನೋಳು. ಆಮೇಲೆ ಗಂಡಸರು ಸಮಿತಿ ಮಾಡ್ಕೊಂಡು ಅದನ್ನ 'ಹಾಜರ್' ಮಾಡಿದರು. ವೀರ ಗೀರ ಅನ್ನೋದೆಲ್ಲ ನಾನು ಮುದುಕಿ ಆದ ಮೇಲೆ ಬಂದಿದ್ದು."

ನಾನು ಅಲ್ಲಿಂದ ಮುಂದೆ ಹೋದ ಮನೆಗಳಲ್ಲೂ ಇಂಥವೇ. ಹಾಲಿನ ಗಾಡಿಯವನ ದೊಡ್ಡಜ್ಜನನ್ನು ಹೇಸರಗತ್ತೆ ಒದ್ದಿತ್ತು. ಬ್ರೆಡ್ ಅಂಗಡಿಯವನ ತಾತನಿಗೆ ಗುಂಡು ಬಿದ್ದದ್ದು ನಿಜ, ಹಾರಿಸಿದವನು ನಮ್ಮ ಕಡೆಯವನೇ. ಯಾರೂ ಗುಟ್ಟು ಮಾಡಲಿಲ್ಲ. ನಾನು ಕೇಳಿದೆ, ಅವರು ಹೇಳಿದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ. ಕೇಳಿದ ಮೇಲೆ ನನ್ನನ್ನು ಬಿಡಲೇ ಇಲ್ಲ, ಚಹಾ ಕುಡಿಸಿ ಕುಡಿಸಿ ಹೊಟ್ಟೆ ಹಡಗಿನ ಹಾಗೆ ತೂಗ್ತಿತ್ತು.

ಕೋಟು ಬಿಚ್ಚಿ ಮನೆಗೆ ಬಂದೆ. ಹೋಗುವಾಗ ಇದು ತಮಾಷೆಗೆ ಅಂತ ಹೊರಟಿದ್ದೆ ಅಕ್ಕಾ. ವಾಪಸ್ ಬರುವಾಗ ಬರೀ ಸಿಟ್ಟು. ಆ ಕಲ್ಲಿನ ಮೇಲಿರೋರೆಲ್ಲ ಅಣ್ಣನಂಥೋರೇ. ಜ್ವರಕ್ಕೆ ಜಾಗ ಇಲ್ಲ ಅಂದವರು ಭೇದಿಯ ಕೆಳಗೆ ನಿಂತು ಭಾಷಣ ಮಾಡ್ತಾರೆ.

ಅಜ್ಜಿ ಹೇಳಿದ್ದನ್ನು ಅಮ್ಮನಿಗೆ ಹೇಳಿದೆ. ಹೆಂಗಸರು, ಹಗ್ಗ, ಊಟಕ್ಕೆ ಕರೆಯೋದು, "ಬಂದೆ" ಅನ್ನೋದು, ಎಲ್ಲ. ಅಮ್ಮ ಸೆರಗಿನಲ್ಲಿ ಒಲೆ ಕಟ್ಟೆ ಒರೆಸ್ತಾ ಕೇಳಿದಳು. ಮಷಿನ್ನು ನಿಂತಿತ್ತು. ಅಪ್ಪನೂ ಕೇಳಿಸಿಕೊಂಡಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯ್ತು.

ಅಂದಹಾಗೆ, ಅವಳ ಮನೆಯಿಂದ ನಾನು ಹೊರಡುವಾಗ ಕೋಲಜ್ಜಿ ನನ್ನ ಕೋಟಿನ ತೋಳು ಹಿಡಿದು, "ಆವತ್ತು ನನ್ನ ಬಾಯಿಗೆ ಮೈಕ್ ಹತ್ತಿರ ಹಿಡಿಯೋ ತರಲೆ" ಅಂದಳು. ಯಾಕೆ ಅಂತ ಕೇಳಿದ್ದಕ್ಕೆ ಕೋಲಲ್ಲಿ ಕಾಲಿಗೆ ಒಂದು ಕೊಟ್ಟಳು.

ನಿನ್ನ,
ಧ್ವನಿವರ್ಧಕ ಇಲಾಖೆಯ ಏಕಮಾತ್ರ ನೌಕರ


ಮಾರ್ಚ್ ೨೧

ಅಕ್ಕಾ,

ಈ ಸಲ ತಡ ಇಲ್ಲ, ನಿನ್ನೆ ನಡೆದದ್ದನ್ನು ಇವತ್ತೇ ಬರೀತಿದ್ದೇನೆ. ಇನ್ನೂ ಕಿವಿಯಲ್ಲಿ ಹಾರ್ನು ಗುಂಯ್ ಅಂತಿದೆ.

ಕುರ್ಚಿಗಳು ತುಂಬಿದ್ದವು, ಗಿರಣಿ ಬಂದ್ ಮಾಡಿಸಿದ್ದರು, ಗಿರಣಿಯವನ ಕೆಮ್ಮನ್ನು ಬಂದ್ ಮಾಡಿಸೋಕಾಗಿರಲಿಲ್ಲ. ಕಲ್ಲಿನ ಮೇಲೆ ಅಪ್ಪ ಹೊಲಿದ ಬಟ್ಟೆ. ಹೇಳಲೇಬೇಕು, ಅಂಗಿ ಕೂತ ಹಾಗೆ ಕೂತಿತ್ತು. ಮುಂದೆ ಒಂದು ಕಡೆ ಮಾತ್ರ ತೆರೆದು ಹಗ್ಗ ಇಳಿಬಿಟ್ಟಿದ್ದರು, ಕೊನೆಗೆ ಗಂಟಲು ಅದನ್ನು ಎಳೆದರೆ ಬಟ್ಟೆ ಜಾರಿ ಅಮೃತಶಿಲೆ ಕಾಣಬೇಕು. ಗಂಟಲು ಮಾತಾಡಿದರು. ರಕ್ತ ಹರೀತು, ಎದೆಗಳು ಒಡ್ಡಿಕೊಂಡವು, ಮುಂದಿನ ಸಾಲಿನ ಮಗುವೊಂದು ಹೆದರಿ ಅತ್ತಿತು. ನಾನು ಕತ್ತೆಯನ್ನು ನೆನೆದು ನಿಟ್ಟುಸಿರು ಬಿಟ್ಟೆ.

ಆಮೇಲೆ ಹಾಜರಿ. ಮೊದಲ ಹೆಸರು ಕೂಗಿದರು. ನಾನು ಕೋಲಜ್ಜಿಯ ಬಾಯಿಗೆ ಮೈಕ್ ಹಿಡಿದೆ, ಹತ್ತಿರಕ್ಕೇ.

"ಹಾಜರ್" ಅಂದಳು. ಒಂದು ಉ‌ಸಿರು ಎಳೆದುಕೊಂಡು, "ಭೇದಿ" ಅಂದಳು.

ಎರಡೂ ಹಾರ್ನು ಅದನ್ನು ಊರಿನ ಆ ತುದಿಯವರೆಗೂ ತಲುಪಿಸಿದವು.

"ಅಜ್ಜಿ, ಹಾಜರ್ ಅಂದರೆ ಸಾಕು" ಅಂದರು ಗಂಟಲು.

"ಸಾಕು ಅನ್ನೋಕೆ ನೀನ್ಯಾರೋ? ಅಪ್ಪ ನಂದು, ಬಾಯಿ ನಂದು. ಮುಂದಿನೋರ್ನ ಕರಿ."

ಮುಂದಿನ ಹೆಸರು. ಹಾಲಿನ ಗಾಡಿಯವನು ಎದ್ದು ನಿಂತ. ನನ್ನ ಮುಖ ನೋಡಿದ, ಅಜ್ಜಿ ಮುಖ ನೋಡಿದ. "ಹಾಜರ್. ಹೇಸರಗತ್ತೆ ಒದೀತು." ಹಿಂದೆ ಯಾರೋ ಕಿಸಕ್ಕಂದರು. ಗಾಡಿಯವನು ತಿರುಗಿ, "ನಗ್ರಪ್ಪ, ನಗ್ರಿ. ನಮ್ಮ ದೊಡ್ಡಜ್ಜಿ ಹೊಟ್ಟೇಲಿ ಆರು ತಿಂಗಳಿನ ಕೂಸಿತ್ತು" ಅಂದ. ಆಮೇಲೆ ಯಾರೂ ನಗಲಿಲ್ಲ.

ಗಂಟಲು ನನಗೆ ಸನ್ನೆ ಮಾಡಿದರು: ಮೈಕ್ ಕಟ್ ಮಾಡು. ನಾನು ಅತ್ಯಂತ ಭಯಭಕ್ತಿಯಿಂದ ತಲೆಯಾಡಿಸಿ, ಆಂಪ್ಲಿಫೈಯರಿನ ಗುಂಡಿ ತಿರುಗಿಸಿದೆ. ಯಾವ ಕಡೆಗೆ ಅಂತ ನಿನಗೆ ಹೇಳಬೇಕಾಗಿಲ್ಲ.

"ಹಾಜರ್. ಗುಂಡು. ನಮ್ಮೋರದ್ದೇ." ಇದು ಬ್ರೆಡ್ ಅಂಗಡಿಯವನು.

ಟೀಚರಮ್ಮ ಎದ್ದರು, ಎಂದೂ ಧ್ವನಿ ಎತ್ತದವರು. "ಹಾಜರ್. ಗೊತ್ತಿಲ್ಲ. ಇವತ್ತಿನವರೆಗೂ ಗೊತ್ತಿಲ್ಲ."

ಚಪ್ಪಲಿ ಹೊಲಿಯುವವನು ಎದ್ದ. "ಹಾಜರ್. ನಮ್ಮೋನು ಯುದ್ಧದಲ್ಲೇ ಸತ್ತ. ಇನ್ನೂ ಮೀಸೆ ಬಂದಿರಲಿಲ್ಲ. ಓಡ್ತಿದ್ದನಂತೆ. ಯಾವ ಕಡೆಗೆ ಅಂತ ನಮ್ಮಜ್ಜಿ ಕೇಳೋಕೆ ಹೋಗಲಿಲ್ಲ."

ಹೀಗೇ ಕೆಳಕೆಳಗೆ ಬಂತು. ಕೊನೆಯ ಹೆಸರು ಗಂಟಲಿನ ಸ್ವಂತ ದೊಡ್ಡಪ್ಪನದು. ಕೂಗಬೇಕಾದವರೂ ಅವರೇ, ಉತ್ತರ ಕೊಡಬೇಕಾದವರೂ ಅವರೇ. ಕೂಗಿದರು. ಕಾಲರ್ ಸರಿಮಾಡಿಕೊಂಡು, "ಹಾಜರ್. ವೀರಮರಣ!" ಅಂದರು.

ಕೋಲಜ್ಜಿ ಕೂತಲ್ಲಿಂದಲೇ, ಬೈಯದೆ, ಮೆತ್ತಗೆ ಹೇಳಿದಳು. ನಾನು ಮೈಕನ್ನು ಮತ್ತೆ ಅವಳ ಬಾಯಿಗೆ ಹಿಡಿದಿದ್ದೆ. "ಅವನು ಚಳಿಗೆ ಸತ್ತಿದ್ದು ಕಣೋ ಮಾಸ್ತರೇ. ಹೊದಿಕೆ ಕೊಟ್ಟಿರಲಿಲ್ಲ. ನಿಮ್ಮಜ್ಜಿ ಆಮೇಲೆ ಸಾಯೋವರೆಗೂ ಕಂಬಳಿ ಹೊದೀಲಿಲ್ಲ. ನೀನು ನೋಡಿದೀಯ. ಅದೇ ಮನೇಲೇ ಬೆಳೆದೋನು."

ಗಂಟಲು ಬಾಯಿ ತೆಗೆದರು. ಅಕ್ಕಾ, ನಾನು ಮೊದಲ ಸಲ ಅವರ ಬಾಯಿಂದ ಶಬ್ದ ಬಾರದ್ದನ್ನು ನೋಡಿದೆ. ಇದಕ್ಕೇ ಅಲ್ಲವೇ ಕಾದಿದ್ದೆ, ಖುಷಿ ಆಗಬೇಕಿತ್ತು. ಆಗಲಿಲ್ಲ. ಸ್ವಂತ ಅಜ್ಜಿ ಚಳಿಯಲ್ಲಿ ನಡುಗ್ತಾ ಮಲಗಿದ್ದನ್ನು ನೋಡಿಕೊಂಡೇ ಬೆಳೆದು, ಅದಕ್ಕೆ ಅಮೃತಶಿಲೆ ಹೊದಿಸೋಕೆ ಬಂದರಲ್ಲ ಈ ಮನುಷ್ಯ ಅಂತ ಸಿಟ್ಟು ಇನ್ನೂ ಏರಿತು.

"ಹಾಜರಿ ಮುಗೀತು" ಅಂದು ಹಗ್ಗಕ್ಕೆ ಕೈ ಹಾಕಿದರು.

"ಮುಗಿದಿಲ್ಲ."

ಅಪ್ಪ. ಕುರ್ಚಿಗಳ ನಡುವೆ ನಡೆದು ಬಂದ. ನನ್ನ ಕೈಯಿಂದ ಮೈಕ್ ತಗೊಳ್ಳಲಿಲ್ಲ, ಅದು ಅವನಿಗೆ ಕಾಣಲೇ ಇಲ್ಲ ಅಂತ ಕಾಣುತ್ತೆ. ಕಲ್ಲಿನ ಕಡೆ ಮುಖ ಮಾಡಿ ಅಣ್ಣನನ್ನು ಕೂಗಿದ. ಪೂರ್ತಿ ಹೆಸರಲ್ಲ. ಮನೆಯಲ್ಲಿ ಕರೆಯೋ ಹೆಸರು. ನಾವು ಕತ್ತಲಾದರೂ ಗಿರಣಿ ಹಿಂದೆ ಆಡ್ತಿದ್ದಾಗ ಹೊಸ್ತಿಲಲ್ಲಿ ನಿಂತು ಹೇಗೆ ಕೂಗ್ತಿದ್ದನೋ ಹಾಗೆ.

ಹೆಂಗಸರ ಸಾಲಿನಿಂದ ಅಮ್ಮನ ಧ್ವನಿ ಬಂತು. ಜೋರೂ ಅಲ್ಲ, ಮೆತ್ತಗೂ ಅಲ್ಲ.

"ಬಂದೆ."

ಅಪ್ಪ ಆಗ ಜನರ ಕಡೆ ತಿರುಗಿದ. "ಗುಂಡು ಎದೆಗೆ ಬಿತ್ತು ಅಂತ ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ಜ್ವರ. ತೊಟ್ಟಿ ನೀರು ಕೆಟ್ಟಿತ್ತು. ಆಸ್ಪತ್ರೇಲಿ, ಹಾಸಿಗೆ ಮೇಲೆ ಸತ್ತ." ನಿಂತ. "ಅವನ ಅಕ್ಕ ಪಕ್ಕದಲ್ಲಿದ್ದಳು. ನಿಜ ಹೇಳಿದ್ದು ಅವಳು."

ಇಷ್ಟನ್ನೂ ಹಾರ್ನುಗಳು ಊರಿಗೆಲ್ಲ ಹೇಳಿದವು. ನನ್ನ ಕೈ ಮೈಕನ್ನು ಎಲ್ಲಿ ಹಿಡಿದಿತ್ತು ಅಂತ ನನಗೇ ನೆನಪಿಲ್ಲ. ಕೈ ತಾನಾಗಿಯೇ ತನ್ನ ಕೆಲಸ ಮಾಡಿರಬೇಕು.

ಕೋಲಜ್ಜಿ ಕೋಲು ನೆಲಕ್ಕೆ ಕುಟ್ಟಿದಳು. "ನಮ್ಮಪ್ಪನಿಗೂ ನೀರೇ. ಎಪ್ಪತ್ತೈದು ವರ್ಷದಲ್ಲಿ ಒಂದು ತೊಟ್ಟಿ ತೊಳೆಯೋಕೆ ಕಲೀಲಿಲ್ಲವಲ್ಲೋ ಇವರು!" ನಮ್ಮೂರ ಸ್ಮಾರಕದ ಐತಿಹಾಸಿಕ ಮಹತ್ವ ಇಷ್ಟೇ ಅಕ್ಕಾ. ಅದಕ್ಕೆ ಪುಸ್ತಕ ಬೇಕಿರಲಿಲ್ಲ.

ಗಂಟಲು ಮತ್ತೆ ಹಗ್ಗಕ್ಕೆ ಕೈ ಚಾಚಿದರು. ಅಪ್ಪ ಜೇಬಿನಿಂದ ದಬ್ಬಣ ತೆಗೆದ, ಗೋಣಿಚೀಲ ಹೊಲಿಯೋ ದಪ್ಪದ್ದು. ದಾರ ಮೊದಲೇ ಪೋಣಿಸಿಕೊಂಡು ಬಂದಿದ್ದ! ಹಗ್ಗವನ್ನು ಪಕ್ಕಕ್ಕೆ ಸರಿಸಿ, ಕಲ್ಲಿನ ಮುಂದೆ ಮಂಡಿಯೂರಿ, ಬಟ್ಟೆಯ ತೆರೆದ ಅಂಚನ್ನು ಕೆಳಗಿನಿಂದ ಹೊಲಿಯೋಕೆ ಶುರು ಮಾಡಿದ.

"ಟೈಲರೇ, ಇದೇನು ಮಾಡ್ತಿದೀರಿ?"

"ಹೊಲೀತಿದೀನಿ."

"ಸಮಿತಿ ತೀರ್ಮಾನ ಆಗಿದೆ. ನೀವೇ ಕೈ ಎತ್ತಿದೀರಿ!"

"ಎತ್ತಿದ ಕೈಯೇ ಇದು" ಅಂದ ಅಪ್ಪ, ದಾರ ಎಳೆದು. "ಆ ಅಮೃತಶಿಲೆ ಇಳಿಸಿ, ಹಳೇ ಸಾಲಿನ ಕೆಳಗೆ ನನ್ನ ಮಗನ ಹೆಸರು ಬರೆಸಿ. ಆವತ್ತು ನಾನೇ ಬಂದು ಬಿಚ್ತೀನಿ. ಅಲ್ಲೀವರೆಗೆ ಕತ್ತರಿ ತರೋನು ಮೊದಲು ನನ್ನ ಹತ್ತಿರ ಬರಲಿ."

ಯಾರೂ ಮುಂದೆ ಬರಲಿಲ್ಲ. ಎದ್ದೂ ಹೋಗಲಿಲ್ಲ. ಅಪ್ಪ ತುದಿಯವರೆಗೆ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡುವವರೆಗೂ ಊರೇ ನೋಡ್ತಾ ಕೂತಿತ್ತು. ಗಿರಣಿಯವನೂ ಕೆಮ್ಮಲಿಲ್ಲ.

ಇವತ್ತು ಬೆಳಿಗ್ಗೆ ನೋಡಿ ಬಂದೆ. ಬಟ್ಟೆ ಹಾಗೇ ಇದೆ. ಸಮಿತಿ ಮತ್ತೆ ಸೇರುತ್ತಂತೆ. ಬ್ರೆಡ್ ಅಂಗಡಿಯವನೂ ಟೀಚರಮ್ಮನೂ "ಸಭೆಗೆ ನಾವೂ ಬರ್ತೀವಿ, ನಮ್ಮನ್ನ ಎಲ್ಲಿ ಕೂರಿಸ್ತೀರೋ ನೋಡ್ತೀವಿ" ಅಂದಿದ್ದಾರೆ. ಗಂಟಲು ಮೈಕಿನ ಬಾಡಿಗೆ ಕೊಡಲ್ಲ ಅಂತ ಹೇಳಿ ಕಳಿಸಿದ್ದಾರೆ. ನಾನು ಗಂಭೀರವಾಗಿ "ಇಲಾಖೆಯ ಸೇವೆ ಉಚಿತ" ಅಂತ ಉತ್ತರ ಕಳಿಸಿದೆ. ಸಿಟ್ಟು ಇಳಿದಿದೆಯಾ ಅಂತ ಕೇಳಬೇಡ, ಇಳಿದಿಲ್ಲ. ಹೆಸರು ಕಲ್ಲಿಗೆ ಬಂದರೂ ಇಳಿಯಲ್ಲ. ತೊಟ್ಟಿಯನ್ನು ತೊಳೆಯದೇ ಬಿಟ್ಟವನು ಯಾರು ಅಂತ ಯಾವ ಸಮಿತಿಯೂ ಕೈ ಎತ್ತಿಸಿ ಕೇಳಲ್ಲವಲ್ಲ!

ಬೆಳಿಗ್ಗೆ ಅಪ್ಪ ನನ್ನ ಹತ್ತಿರ ಬಂದು ನಿಂತ. ನನ್ನ ಮುಖ ನೋಡದೆ, ಆಂಪ್ಲಿಫೈಯರ್ ನೋಡಿಕೊಂಡು ಹೇಳಿದ: "ಅವಳಿಗೆ ಬರಿ. ಆವತ್ತು ಅರ್ಧಕ್ಕೆ ಎದ್ದು ಹೋದಳಲ್ಲ. ಮಿಕ್ಕ ಊಟ ಮಾಡೋಕೆ ಬಾ ಅಂತ ಬರಿ." ಬರೆದಿದ್ದೇನೆ. ಅಮ್ಮ ನಿನ್ನ ತಟ್ಟೆಯನ್ನು ಮೇಲಿನ ಗೂಡಿನಿಂದ ಇಳಿಸಿ ತೊಳೆದಿಟ್ಟಿದ್ದಾಳೆ.

ಕಿರಿಯರು ಹಿರಿಯರನ್ನು ಹರಸಬಾರದಂತೆ. ಆದರೂ ಹರಸ್ತೀನಿ: ನಿನ್ನ ವಾರ್ಡಿನ ಹಾಸಿಗೆಗಳೆಲ್ಲ ಖಾಲಿಯಾಗಲಿ, ಮಲಗಿದ್ದವರೆಲ್ಲ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಲಿ, ನಿನಗೆ ಮಾಡೋಕೆ ಕೆಲಸವೇ ಇಲ್ಲದೆ ರಜೆ ಸಿಗಲಿ.

ನಿನ್ನ ತಮ್ಮ,
ತರಲೆ

ಮರೆತ ಮಾತು: ಮರೆತಿರಲಿಲ್ಲ, ಇಲ್ಲಿಯವರೆಗೂ ತಳ್ಳಿಕೊಂಡು ಬಂದೆ. ಮನೆಮನೆಗೆ ಹೋಗಿ "ನಿಮ್ಮವರು ಹೇಗೆ ತೀರಿಕೊಂಡರು" ಅಂತ ಕೇಳಿದವನು ನಾನು. ಎರಡು ವರ್ಷದಲ್ಲಿ ನಿನ್ನನ್ನು ಒಂದು ಸಲವೂ ಕೇಳಿಲ್ಲ. ಅಪ್ಪನ ಮೇಲೆ, ಗಂಟಲಿನ ಮೇಲೆ, ಸೈನ್ಯದ ಮೇಲೆ ಸಿಟ್ಟು ಅಂತ ಇಷ್ಟುದ್ದ ಬರೆದೆ. ನಿನ್ನ ಮೇಲೂ ಇದೆ ಅಕ್ಕಾ. ಎಲ್ಲರಿಗಿಂತ ಜಾಸ್ತಿ ಇದೆ. ಅವನು ಅಷ್ಟು ದಿನ ನಿನ್ನ ವಾರ್ಡಿನಲ್ಲಿ ಮಲಗಿದ್ದ, ಬಸ್ಸು ಹತ್ತಿದರೆ ಸಂಜೆಯೊಳಗೆ ನಾನು ಅಲ್ಲಿರುತ್ತಿದ್ದೆ. ನನ್ನನ್ನು ಯಾಕೆ ಕರೀಲಿಲ್ಲ? ಸೋಂಕು ಅಂತಲಾ? ಬರೀ ತಮಾಷೆ ಮಾಡೋ ಹುಡುಗ, ಇವನಿಂದ ಏನಾಗುತ್ತೆ ಅಂತಲಾ? ಅವನನ್ನು ಕೊನೆಯ ಸಲ ನಗಿಸೋಕೆ ನನ್ನಿಂದ ಆಗುತ್ತಿತ್ತು. ಅವನು ನನ್ನನ್ನು ಕೇಳಿದನಾ? ಇದಕ್ಕೆ ಕಾರ್ಡು ಬರೀಬೇಡ. ಬಂದು ಹೇಳು.